ತವರಿಗೆ ಹೊರಟ ಮೊದಲ ಕಾರು

ನನ್ನ ಗಂಡ ಜರ್ಮನ್ ಕಾರಿನ ವಿಷಯ ಎತ್ತಿದ್ದು ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಕೂತಾಗ. ಅತ್ತೆ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದರು. ನಾನು ಎಣಗಾಯಿ ಬಡಿಸುತ್ತಿದ್ದೆ. ಹೈಸ್ಕೂಲಿಗೆ ಹೋಗುವ ಮಗಳು ಫೋನಿನಿಂದ ಕಣ್ಣು ತೆಗೆಯದೆ ಉಣ್ಣುತ್ತಿದ್ದಳು.

"ಸರಟೋಗಾದಾಗ ಒಬ್ಬರು ಮುದುಕಿ ತಮ್ಮ ಹಳೇ ಕಾರು ಮಾರಾಕತ್ತಾರ. ಆಫೀಸಿನಾಗ ಒಬ್ಬಾಂವ ಹೇಳಿದ. ಹಳೇದು ಖರೆ, ಆದ್ರ ಮೈಮ್ಯಾಲೆ ಒಂದ್ ಗೀರಿಲ್ಲಂತ," ಎಂದ.

ಯಾವ ಕಾರು ಎಂದು ಕೇಳಿದೆ. ಹೇಳಿದ. ಫೋನು ನೋಡುತ್ತಿದ್ದ ಮಗಳೂ ತಲೆ ಎತ್ತಿದಳು.

ಆ ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಾನು ಬೆಳೆದ ಮಂಡ್ಯದಲ್ಲಿ ಅದು ಕಾರಿನ ಹೆಸರಿಗಿಂತ ಹೆಚ್ಚಾಗಿ ಅಂತಸ್ತಿನ ಹೆಸರಾಗಿತ್ತು. ನಮ್ಮ ಬೀದಿಯ ಒಂದು ಮದುವೆಗೆ ಬೆಂಗಳೂರಿನ ನೆಂಟರು ಅಂಥದೊಂದು ಕಾರಿನಲ್ಲಿ ಬಂದಿದ್ದರು. ಮದುಮಗನನ್ನು ನೋಡುವುದನ್ನು ಬಿಟ್ಟು ಜನ ಕಾರಿನ ಸುತ್ತ ನಿಂತಿದ್ದರು. ನಮ್ಮ ಚಿಕ್ಕಪ್ಪ ಅದರ ಬಾನೆಟ್ಟಿನ ಮೇಲೆ ಕೈ ಇಟ್ಟು ಒಂದು ಫೋಟೋ ತೆಗೆಸಿಕೊಂಡರು. ಆ ಫೋಟೋ ಅವರ ಮನೆಯ ಷೋಕೇಸಿನಲ್ಲಿ ಬೊಂಬೆಗಳ ಪಕ್ಕ ಬಹಳ ವರ್ಷ ಇತ್ತು. ಬಂದವರು, "ಕಾರು ತಗೊಂಡ್ರಾ?" ಎಂದರೆ ಚಿಕ್ಕಪ್ಪ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಹೇಳುತ್ತಿರಲಿಲ್ಲ. ಸುಮ್ಮನೆ ಕಾಫಿ ತರಿಸುತ್ತಿದ್ದರು.

ಆದರೆ ಅಮೆರಿಕಕ್ಕೆ, ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ಗೆ ಬಂದು ನೆಲೆಸಿದ ಮೇಲೆ ಆ ಹೆಸರಿನ ಮೇಲಿದ್ದ ಬೆರಗು ನನ್ನಲ್ಲಿ ಉಳಿದಿರಲಿಲ್ಲ. ಇಲ್ಲಿಯ ನಮ್ಮ ಗೆಳೆಯರ ಬಳಗದಲ್ಲಿ ಓಡುವುದು ಎರಡೇ ಬಗೆಯ ಕಾರು. ಒಂದು ಜಪಾನಿನದು, ಇನ್ನೊಂದು ಕರೆಂಟಿನದು. ಜಪಾನಿನದು ಕೆಡುವುದಿಲ್ಲ, ಕರೆಂಟಿನದಕ್ಕೆ ಗ್ಯಾಸು, ಅಂದರೆ ಪೆಟ್ರೋಲು, ಬೇಡ. ಇವೆರಡನ್ನೂ ಬಿಟ್ಟು ಹಳೆಯ ಜರ್ಮನ್ ಕಾರು ಕೊಳ್ಳುವವನನ್ನು ನಮ್ಮವರು ಸ್ವಲ್ಪ ಕನಿಕರದಿಂದ ನೋಡುತ್ತಾರೆ. ನನ್ನ ಗಂಡನ ಹಾಸನದ ಗೆಳೆಯನೊಬ್ಬ ಫೋನಿನಲ್ಲಿ ಸುದ್ದಿ ಕೇಳಿದವನೇ, "ತಗೊಳೋದೇನು ಸುಲಭ ಕಣಪ್ಪ. ಆಮೇಲೆ ಮೆಕ್ಯಾನಿಕ್ ಮಕ್ಕಳನ್ನ ಕಾಲೇಜು ಓದ್ಸೋನು ನೀನೇ," ಎಂದ.

ಮನೆಯಲ್ಲಿ ಅಡ್ಡಿ ಬಂದದ್ದು ಮಾತ್ರ ಬೇರೆ ಕಡೆಯಿಂದ. ಅತ್ತೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಮಗನ ಎದುರು ಕೂತರು.

"ಆ ಕಂಪನಿ ಇತಿಹಾಸ ಗೊತ್ತೈತೇನ್ ನಿನಗ?"

"ಜಗತ್ತಿನ ಮೊದಲನೇ ಕಾರು ಅವರದವ್ವಾ."

"ಅದು ಬರೋಬ್ಬರಿ. ಯುದ್ಧದಾಗ ಏನ್ ಮಾಡಿದ್ರು, ಅದು ಗೊತ್ತೈತೇನು?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

ಅತ್ತೆ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಕಲಿಸುವುದು ನಿಂತಿತ್ತೇ ಹೊರತು ಕಲಿಸುವ ದನಿ ನಿಂತಿರಲಿಲ್ಲ. ಆ ದಿನ ಊಟದ ಮೇಜಿನಲ್ಲಿ ಅವರು ಹೇಳಿದ್ದು ಇಷ್ಟು. ಎರಡನೆಯ ಮಹಾಯುದ್ಧದ ಕಾಲಕ್ಕೆ ಜರ್ಮನಿಯ ದೊಡ್ಡ ದೊಡ್ಡ ಕಾರ್ಖಾನೆಗಳಂತೆ ಇದೂ ಸೈನ್ಯಕ್ಕೆ ಎಂಜಿನ್ನು ಮಾಡಿಕೊಟ್ಟಿತು. ಕೆಲಸಕ್ಕೆ ಜನ ಸಾಲದೆ ಹೋದಾಗ ಜರ್ಮನಿ ಗೆದ್ದುಕೊಂಡ ದೇಶಗಳಿಂದ ಹಿಡಿದು ತಂದವರನ್ನು, ಸೆರೆಶಿಬಿರಗಳಲ್ಲಿದ್ದವರನ್ನು ತಂತಿಬೇಲಿಯೊಳಗೆ ಇಟ್ಟು ದುಡಿಸಿತು. ಅವರಲ್ಲಿ ಎಷ್ಟೋ ಮಂದಿ ತಮ್ಮ ಮನೆಗೆ ತಿರುಗಿ ಹೋಗಲೇ ಇಲ್ಲ.

ಮಗಳು ಕೇಳಿದಳು, "ದೆನ್ ವೈ ಆರ್ ವಿ ಬೈಯಿಂಗ್ ಇಟ್?"

"ಇನ್ನಾ ಕೊಂಡಿಲ್ಲವಾ," ಎಂದರು ಅತ್ತೆ. ಆಮೇಲೆ ಮಗನ ಕಡೆ ತಿರುಗಿ, "ನೋಡಾಕ ಹೋಗೋ ಮುಂದ ನನ್ನೂ ಕರ್ಕೊಂಡು ಹೋಗು. ಆಕೀನ್ನ ನಾ ಮಾತಾಡಸ್ತೀನಿ," ಎಂದರು.

ನನ್ನ ಗಂಡ ನನ್ನ ಮುಖ ನೋಡಿದ. ನಾನು ಇನ್ನೊಂದು ಸೌಟು ಎಣಗಾಯಿ ಬಡಿಸಿದೆ.

ಮುಂದಿನ ವಾರಾಂತ್ಯ ನಾಲ್ವರೂ ಸರಟೋಗಾಕ್ಕೆ ಹೋದೆವು. ಗುಡ್ಡದ ಇಳಿಜಾರಿನಲ್ಲಿ ಏಪ್ರಿಕಾಟ್ ಮರಗಳಿದ್ದ ಹಳೆಯ ಮನೆ. ಕಾರು ಬಾಗಿಲ ಮುಂದೆಯೇ ನಿಂತಿತ್ತು. ಕಡುನೀಲಿ ಬಣ್ಣ, ಉದ್ದನೆಯ ಮೂತಿ, ಒಳಗೆ ಚರ್ಮದ ಸೀಟು. ನನ್ನ ಗಂಡ ಕಾರಿನ ಸುತ್ತ ಮಾತಿಲ್ಲದೆ ಒಂದು ಸುತ್ತು ಬಂದ. ದೇವಸ್ಥಾನದಲ್ಲೂ ಅವನು ಅಷ್ಟು ನಿಧಾನವಾಗಿ ಪ್ರದಕ್ಷಿಣೆ ಹಾಕಿದ್ದನ್ನು ನಾನು ಕಂಡಿಲ್ಲ.

ಮನೆಯ ಒಡತಿ ಎಂಬತ್ತು ದಾಟಿದವರು. ಎತ್ತರದ ಆಳು, ಬೆಳ್ಳಗಿನ ಗುಂಗುರು ಕೂದಲು. ಜರ್ಮನಿಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು ಬಹಳ ವರ್ಷವಾಗಿತ್ತು. ಗಂಡ ಇಲ್ಲ. ಕಣ್ಣಿನ ದೃಷ್ಟಿ ಕಡಿಮೆಯಾಗುತ್ತಿದೆ, ಕಾರು ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. "ನಿಂತ ಕಾರನ್ನು ದಿನಾ ನೋಡುತ್ತಾ ಕೂರುವುದು ನನ್ನಿಂದಾಗದು," ಎಂದು ನಮಗೆ ವಿವರಿಸಿದರು.

ಅತ್ತೆ ಕಾರಿನ ಕಡೆ ನೋಡಲೂ ಇಲ್ಲ. ತಮ್ಮ ಪುಸ್ತಕದ ಇಂಗ್ಲಿಷಿನಲ್ಲಿ, ಪ್ರತಿ ಪದವನ್ನೂ ಬಿಡಿಬಿಡಿಯಾಗಿ ಇಟ್ಟು, ಆ ಹೆಂಗಸನ್ನು ನೇರವಾಗಿ ಕೇಳಿದರು. ನೀವು ಆ ದೇಶದವರು. ಈ ಕಂಪನಿ ಯುದ್ಧದಲ್ಲಿ ಏನು ಮಾಡಿತೆಂದು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದನ್ನು ಗೊತ್ತಿದ್ದೂ ಈ ಕಾರನ್ನು ಹೇಗೆ ಇಟ್ಟುಕೊಂಡಿರಿ?

ನನ್ನ ಗಂಡ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತವನು ಎದ್ದು ನಿಂತ. ನನಗೆ ಕಾಲ ಕೆಳಗಿನ ಕಲ್ಲು ಬಿಸಿಯಾದಂತಾಯಿತು. ಅಪರಿಚಿತರ ಮನೆ, ವಯಸ್ಸಾದ ಹೆಂಗಸು, ಕಾರು ನೋಡಲು ಬಂದವರು ಕೇಳುವ ಮಾತೇ ಇದು ಎಂದುಕೊಂಡೆ.

ಆಕೆಗೆ ಸಿಟ್ಟು ಬರಲಿಲ್ಲ. ಒಳಗೆ ಬನ್ನಿ ಎಂದು ಕರೆದರು. ಅಡುಗೆಮನೆಯ ಮೇಜಿನ ಸುತ್ತ ಕೂರಿಸಿ, ಎಲ್ಲರಿಗೂ ಕಾಫಿ ಕೊಟ್ಟು, ಮಗಳಿಗೆ ಬಿಸ್ಕತ್ತಿನ ಡಬ್ಬ ಕೊಟ್ಟು, ಆಮೇಲೆ ಹೇಳಿದರು.

ಅವರ ಅಪ್ಪ ಅದೇ ಕಂಪನಿಯ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಯುದ್ಧ ಮುಗಿದಾಗ ಈಕೆ ಇನ್ನೂ ಪುಟ್ಟ ಮಗು. ಬೆಳೆದು ದೊಡ್ಡವಳಾಗಿ, ಶಾಲೆಯಲ್ಲಿ ಓದಿ ತಿಳಿದ ಮೇಲೆ ಒಂದು ದಿನ ಅಪ್ಪನನ್ನು ಕೇಳಿದರಂತೆ, ಬೇಲಿಯೊಳಗಿನ ಜನರನ್ನು ನೀವು ನೋಡಿದ್ದಿರಾ ಎಂದು. ಅಪ್ಪ ಉತ್ತರ ಕೊಡದೆ ಎದ್ದು ತೋಟಕ್ಕೆ ಹೋದರು. ಮತ್ತೊಮ್ಮೆ ಕೇಳಿದಾಗಲೂ ತೋಟಕ್ಕೆ ಹೋದರು. ಹಾಗೆಯೇ ಸತ್ತರು. ಎಷ್ಟೋ ವರ್ಷಗಳ ನಂತರ ಕಂಪನಿಯೇ ಇತಿಹಾಸಕಾರರಿಗೆ ತನ್ನ ಹಳೆಯ ಕಡತಗಳನ್ನು ತೆರೆದು, ನಡೆದದ್ದನ್ನು ಒಪ್ಪಿಕೊಂಡಿತು.

"ನಾನು ಓದಿದೆ. ನಮ್ಮಪ್ಪ ಹೇಳದೆ ಹೋದದ್ದು ಅಲ್ಲಿತ್ತು," ಎಂದರು. "ಕಾರು ನನಗೆ ಇಷ್ಟ. ಆ ಕಾಲಕ್ಕೆ ನಾನು ಸಮರ್ಥನೆ ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕಿದ್ದೇನೆ."

ಅತ್ತೆ ಕಾಫಿ ಕುಡಿದರು. ಅದುವರೆಗೂ ಮುಟ್ಟಿರಲಿಲ್ಲ.

"ನೀವು ಡ್ರೈವ್ ಮಾಡುತ್ತೀರಾ?" ಎಂದು ಆಕೆ ಅತ್ತೆಯನ್ನು ಕೇಳಿದರು.

ಅತ್ತೆ ಇಲ್ಲವೆಂದರು.

"ಯಾಕೆ? ಈ ಕಂಪನಿಯ ಮೊದಲ ಕಾರನ್ನು ದೂರ ಓಡಿಸಿದ್ದೇ ಒಬ್ಬ ಹೆಂಗಸು."

ಅತ್ತೆಯ ಮುಖ ಅರಳಿತು. ಆ ಕತೆ ತನಗೆ ಗೊತ್ತು, ಪ್ರತಿ ವರ್ಷ ಹುಡುಗಿಯರಿಗೆ ಹೇಳುತ್ತಿದ್ದೆ ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕಾರನ್ನು ಕಂಡುಹಿಡಿದವನಿಗೆ ಅದನ್ನು ಊರಾಚೆ ಒಯ್ಯಲು ಧೈರ್ಯವಿರಲಿಲ್ಲ. ಜನ ನಗುತ್ತಿದ್ದರು, ಕೊಳ್ಳುವವರಿರಲಿಲ್ಲ. ಕುದುರೆಯಿಲ್ಲದ ಗಾಡಿಗೆ ದೆವ್ವ ಹಿಡಿದಿದೆ ಎಂದುಕೊಂಡವರೂ ಇದ್ದರು. ಒಂದು ದಿನ ಅವನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ ಗಾಡಿ ಹೊರಡಿಸಿದಳು. ಅತ್ತೆ ಹೇಳುವ ಕತೆಯಲ್ಲಿ ಒಂದು ಮಗುವಿಗೆ ಮೈ ಸುಡುವ ಜ್ವರ. ಅದಕ್ಕೇ ತಾಯಿ ಜೀವದ ಹಂಗು ತೊರೆದು ಔಷಧದ ಅಂಗಡಿಗೆ ಕಾರು ಓಡಿಸಿದಳು.

ಮನೆಯ ಒಡತಿ ನಕ್ಕರು. "ಜ್ವರ ಯಾರಿಗೂ ಇರಲಿಲ್ಲ. ಔಷಧದ ಅಂಗಡಿಗೆ ಹೋದದ್ದು ನಿಜ. ದಾರಿಯಲ್ಲಿ ಎಣ್ಣೆ ಮುಗಿಯಿತು. ಆಗ ಗ್ಯಾಸ್ ಸ್ಟೇಷನ್ ಎಲ್ಲಿತ್ತು? ಬಟ್ಟೆಯ ಕಲೆ ತೆಗೆಯುವ ದ್ರಾವಣದಲ್ಲೇ ಆ ಎಂಜಿನ್ನು ಓಡುತ್ತಿತ್ತು. ಅದು ಸಿಗುತ್ತಿದ್ದುದು ಔಷಧದ ಅಂಗಡಿಯಲ್ಲಿ."

"ಮತ್ತೆ ಅವಳು ಹೊರಟದ್ದೆಲ್ಲಿಗೆ?" ಎಂದರು ಅತ್ತೆ.

"ತನ್ನ ತಾಯಿಯ ಮನೆಗೆ."

ಅತ್ತೆ ಒಂದು ಕ್ಷಣ ಆಕೆಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕೇಳಿದೇನವಾ? ತವರಮನಿಗೆ ಹೊಂಟಿದ್ಲಂತ. ನಾ ಇಷ್ಟ್ ವರ್ಷ ಇಲ್ಲದ ಜ್ವರ ಬರಿಸಿ ಕಲಿಸೇನಿ ನೋಡು," ಎಂದು ನಗಲು ಶುರು ಮಾಡಿದರು. ಹಾಗೆ ನಕ್ಕದ್ದನ್ನು ನಾನು ಮಾವ ಹೋದ ಮೇಲೆ ನೋಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ತವರುಮನೆ ಎಂದರೇನು, ಅದಕ್ಕೂ ಸಾಮಾನ್ಯವಾದ ತಾಯಿಯ ಮನೆಗೂ ಏನು ವ್ಯತ್ಯಾಸ, ಅಲ್ಲಿಗೆ ಹೋಗಲು ನಮ್ಮ ಹೆಂಗಸರು ಹೂಡುವ ಉಪಾಯಗಳೇನು ಎಂದೆಲ್ಲ ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು. ಕೇಳುತ್ತ ಕೇಳುತ್ತ ಆ ಜರ್ಮನ್ ಹೆಂಗಸೂ ಕಣ್ಣೊರೆಸಿಕೊಂಡರು.

ಆ ಪ್ರಯಾಣದ ಉಳಿದ ವಿವರಗಳನ್ನೂ ಆಕೆ ಹೇಳಿದರು. ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಆ ತಾಯಿ ತನ್ನ ಹ್ಯಾಟಿನ ಪಿನ್ನು ಕಿತ್ತು ಚುಚ್ಚಿ ಬಿಡಿಸಿದಳು. ಬ್ರೇಕು ಸವೆದಾಗ ಒಬ್ಬ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರು ಬಂದಲ್ಲಿ ಮಕ್ಕಳು ಇಳಿದು ದೂಡಿದರು. ಸಂಜೆಗೆ ತಾಯಿಯ ಊರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು. ಆಮೇಲೆ ಆ ಗಾಡಿಯನ್ನು ನೋಡಿ ನಗುವವರು ಕಡಿಮೆಯಾದರು.

ಕಾರು ಕೊಂಡೆವು. ಮನೆಗೆ ಬರುವಾಗ ಅತ್ತೆ ಅದರಲ್ಲೇ ಕೂತು ಬಂದರು. ಯಾಕೆ ಕೊಳ್ಳಬೇಕು ಎಂಬ ತನ್ನ ಪ್ರಶ್ನೆಯನ್ನು ಮಗಳು ಬಿಟ್ಟಿರಲಿಲ್ಲ. ಮತ್ತೆ ಕೇಳಿದಾಗ ಅತ್ತೆ ಅವಳ ತಲೆ ಸವರಿ, "ಕೊಂಡ್ವಿ ಅಂದ್ರ ಮರತ್ವಿ ಅಂತಲ್ಲ. ಯಾರರ ಕಾರು ಚಂದ ಐತಿ ಅಂದ್ರ ಎರಡೂ ಕತಿ ಹೇಳು. ಒಂದ ಹೇಳಬ್ಯಾಡ," ಎಂದರು. ಮಗಳು "ಓಕೆ ಅಜ್ಜಿ" ಎಂದಳು. ಅವಳು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಳೆಂದರೆ, ಆ ವರ್ಷ ಶಾಲೆಯ ಇತಿಹಾಸದ ಪ್ರಾಜೆಕ್ಟಿಗೆ ಅದೇ ಕಂಪನಿಯನ್ನು ಆರಿಸಿಕೊಂಡು, ಅಜ್ಜಿಯನ್ನೂ ಸರಟೋಗಾದವರನ್ನೂ ಗಂಟೆಗಟ್ಟಲೆ ಮಾತಾಡಿಸಿ ಬರೆದಳು.

ಕಾರು ಬಂದ ವಾರದಲ್ಲೇ ಅದರ ಇನ್ನೊಂದು ಖ್ಯಾತಿಯೂ ನಮಗೆ ಗೊತ್ತಾಯಿತು. ಡ್ಯಾಷ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತು. ಅದರ ಬೆನ್ನಿಗೇ ಕೆಂಪು ದೀಪ. ನನ್ನ ಗಂಡ ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಕನ್ನಡ ಕೂಟದ ಪಾಟ್‌ಲಕ್ಕಿಗೆ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಇಟ್ಟುಕೊಂಡು ಹೊರಟವನು ಫ್ರೀವೇ ಹೆದ್ದಾರಿಯ ಪಕ್ಕದಲ್ಲಿ ನಿಂತ. ಎಳೆದೊಯ್ಯುವ ಲಾರಿ ಬಂದು ಕಾರನ್ನು ಹೇರಿಕೊಂಡಿತು. ಹಾಸನದ ಗೆಳೆಯ ತನ್ನ ಕರೆಂಟಿನ ಕಾರಿನಲ್ಲಿ ಬಂದು ಪಾತ್ರೆಯನ್ನೂ ಗಂಡನನ್ನೂ ಕರೆದುಕೊಂಡು ಹೋದ. ಕೂಟದಲ್ಲಿ ಬಾತು ಉಣ್ಣುವವರೆಲ್ಲ ಕಾರಿನ ಬಗ್ಗೆ ಕೇಳುವವರೇ. "ಯೋಚನೆ ಮಾಡ್ಬೇಡ, ಕಾರು ಕೆಟ್ರೂ ಬಾತು ಕೆಟ್ಟಿಲ್ಲ," ಎಂದು ಗೆಳೆಯ ಸಮಾಧಾನ ಮಾಡಿದ. ಕೆಟ್ಟದ್ದು ನೀರಿನ ಪಂಪು ಎಂದು ತಿಳಿಯಿತು. ಅದನ್ನು ಬದಲಿಸಿದ ಮೇಲೆ ಕಾರು ಮತ್ತೆ ಅಂಥ ತೊಂದರೆ ಕೊಟ್ಟಿಲ್ಲ. ಆದರೂ ಇವತ್ತಿಗೂ ನಾವು ಎಲ್ಲಿಗಾದರೂ ಹೊರಟರೆ ಯಾರಾದರೊಬ್ಬರು, "ಊಟ ಕಟ್ಕೊಂಡ್ರಾ?" ಎಂದು ಕೇಳುತ್ತಾರೆ.

ಕಾರು ರಿಪೇರಿಯಾಗಿ ಬಂದ ದಿನ ಅತ್ತೆ ತಾನು ಡ್ರೈವಿಂಗ್ ಕಲಿಯುತ್ತೇನೆ ಎಂದು ಹೇಳಿದರು.

"ಅವ್ವಾ, ಈ ವಯಸ್ಸಿನಾಗ ಯಾಕ? ಎಲ್ಲಿ ಹೋಗಬೇಕಂದ್ರೂ ನಾವು ಕರ್ಕೊಂಡು ಹೋಗ್ತೀವಲ್ಲ," ಎಂದ ನನ್ನ ಗಂಡ.

"ಕರ್ಕೊಂಡು ಹೋಗ್ತೀರಿ, ನಿಮಗ ಪುರಸೊತ್ತು ಇದ್ದಾಗ. ನನಗ ಹೋಗಬೇಕನಿಸಿದಾಗ ಅಲ್ಲ."

ಅತ್ತೆಯ ಮಾತು ನಿಜ. ಸ್ಯಾನ್ ಫ್ರಾನ್ಸಿಸ್ಕೋದಲ್ಲಾದರೆ ಬಸ್ಸು ಹತ್ತಿ ಎಲ್ಲಿಗಾದರೂ ಹೋಗಬಹುದು. ನಾವಿರುವ ಕಡೆ ಕಾರಿಲ್ಲದವರು ಕಿಟಕಿಯ ಹತ್ತಿರ ಕೂರಬೇಕು. ಅತ್ತೆ ಎಷ್ಟೋ ಮಧ್ಯಾಹ್ನಗಳನ್ನು ಹಾಗೆ ಕಳೆದಿದ್ದರು. ಹುಬ್ಬಳ್ಳಿಯಲ್ಲಿ ಅವರು ಎಂದೂ ಯಾರ ದಾರಿಯನ್ನೂ ಕಾದವರಲ್ಲ. ಕೈ ತೋರಿಸಿದರೆ ಆಟೋ ನಿಲ್ಲುತ್ತಿತ್ತು.

ಅದೇ ಹೊತ್ತಿಗೆ ಮಗಳಿಗೂ ಕಲಿಯುವ ವಯಸ್ಸು ಬಂದಿತ್ತು. ಅಜ್ಜಿ ಮೊಮ್ಮಗಳು ಇಬ್ಬರೂ ಒಟ್ಟಿಗೆ ಓದಲು ಕೂತರು. ಲೈಸೆನ್ಸ್ ಆಫೀಸಿನಲ್ಲಿ ಲಿಖಿತ ಪರೀಕ್ಷೆಗೂ ಒಂದೇ ದಿನ ಹೋದರು. ಅತ್ತೆ ಮೊದಲ ಸಲವೇ ಪಾಸಾದರು. ಮಗಳು ನಪಾಸಾಗಿ ಮುಖ ಊದಿಸಿಕೊಂಡಳು. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ, "ಪ್ರಶ್ನೆ ಪೂರ್ತಿ ಓದಬೇಕವಾ. ಅರ್ಧಾ ಓದಿ ಉತ್ತರ ಬರದ್ರ ಹಿಂಗ ಆಗೋದು," ಎಂದು ಪಾಠ ಹೇಳುತ್ತಲೇ ಇದ್ದರು. ಮಗಳು, "ಅಜ್ಜಿ, ಪ್ಲೀಸ್ ಸ್ಟಾಪ್," ಎಂದಳು. ಎರಡನೆಯ ಸಲಕ್ಕೆ ಅವಳೂ ಪಾಸಾದಳು.

ಓಡಿಸಲು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಗಂಡ ಒಂದೇ ದಿನ ತಾಯಿಯ ಪಕ್ಕ ಕೂತಿದ್ದ. ಅವನು ಅಲ್ಲಿ ಸೀಟು ಹಿಡಿದುಕೊಂಡು, "ಬ್ರೇಕ್ ಅವ್ವಾ, ಬ್ರೇಕ್," ಎಂದು ಕೂಗಿದ ರೀತಿಗೆ ಅತ್ತೆ ಕಾರು ನಿಲ್ಲಿಸಿ, ಕೀಲಿ ತೆಗೆದು ಅವನ ಕೈಗಿಟ್ಟು, "ನೀ ಇಳಿ ಮೊದಲ. ನಿನ್ನ ಹೆಂಡತೀನ್ನ ಕಳಸು," ಎಂದಿದ್ದರು.

ಭಾನುವಾರ ಬೆಳಿಗ್ಗೆ ಹತ್ತಿರದ ಶಾಲೆಯ ಪಾರ್ಕಿಂಗ್ ಲಾಟು ಖಾಲಿ ಇರುತ್ತಿತ್ತು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮೊಮ್ಮಗಳ ಓಟದ ಶೂಸು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕಪ್ಪು ಹಲಗೆಯ ಮುಂದೆ ನಿಂತಷ್ಟೇ ನೆಟ್ಟಗೆ ಕೂರುತ್ತಿದ್ದರು. ತಿರುವು ಬಂದಲ್ಲೆಲ್ಲ ಹಾರ್ನ್ ಹೊಡೆಯುವುದು ಅವರ ಮೊದಲ ಅಭ್ಯಾಸ.

"ಅತ್ತೆ, ಇಲ್ಲಿ ಹಾರ್ನ್ ಹೊಡೆದ್ರೆ ಬೈದ ಹಾಗೆ ಅಂದ್ಕೋತಾರೆ," ಎಂದೆ.

"ಹುಬ್ಬಳ್ಳ್ಯಾಗ ಹೊಡೀಲಿಲ್ಲ ಅಂದ್ರ ಬೈತಾರಲ್ಲ."

"ಅದು ಹುಬ್ಬಳ್ಳಿ."

"ಆತ್ ತಗೋ," ಎಂದರು. ಎರಡು ಸುತ್ತು ಹಾರ್ನ್ ಇಲ್ಲದೆ ಹೋದರು. ಮೂರನೆಯ ಸುತ್ತಿನಲ್ಲಿ ಒಂದು ಅಳಿಲು ಅಡ್ಡ ಬಂದಾಗ ಕೈ ತಡೆಯಲಿಲ್ಲ.

ನಾನು ಮದುವೆಯಾಗಿ ಹೋದ ಹೊಸತರಲ್ಲಿ ಅತ್ತೆ ನನಗೆ ರೊಟ್ಟಿ ಬಡಿಯಲು ಕಲಿಸಿದ್ದರು. ಮುದ್ದೆ ತಿರುವುವ ಕೈಗೆ ರೊಟ್ಟಿ ಬಗ್ಗುತ್ತಿರಲಿಲ್ಲ. ಅಂಚು ಒಡೆದದ್ದನ್ನೆಲ್ಲ ಅವರು ಏನೂ ಅನ್ನದೆ ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಪಾರ್ಕಿಂಗ್ ಲಾಟಿನಲ್ಲಿ ಅವರು ಕಾರನ್ನು ಗೆರೆಯ ಮೇಲೆಯೇ ನಿಲ್ಲಿಸಿ ನನ್ನ ಮುಖ ನೋಡುವಾಗ ನನಗೆ ಅದು ನೆನಪಾಗುತ್ತಿತ್ತು. "ಪರವಾಗಿಲ್ಲ ಅತ್ತೆ, ಇನ್ನೊಂದ್ಸಲ," ಎನ್ನುತ್ತಿದ್ದೆ. ಹಿಂದಿನ ಸೀಟಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಮಗಳು ಗಡಿಯಾರ ತೋರಿಸುತ್ತಿದ್ದಳು.

ಆ ಕಾರು ಕಲಿಯುವವರಿಗೆ ಒಳ್ಳೆಯದು ಎಂದು ನನಗೆ ಆಮೇಲೆ ಅನಿಸಿತು. ತೂಕದ ಕಾರು. ತಟ್ಟನೆ ಹಾರುವುದಿಲ್ಲ, ಹಿಡಿದ ದಾರಿ ಬಿಡುವುದಿಲ್ಲ. ಬಾಗಿಲು ಹಾಕಿದರೆ ಹಳೆಯ ಕಾಲದ ಬೀರುವಿನ ಬಾಗಿಲು ಮುಚ್ಚಿದ ಸದ್ದು. ನನ್ನ ಗಂಡ ಆ ಸದ್ದು ಕೇಳುವುದಕ್ಕೆಂದೇ ಬಾಗಿಲನ್ನು ಎರಡೆರಡು ಸಲ ಹಾಕುವುದನ್ನು ನಾನು ನೋಡಿದ್ದೇನೆ. ಭದ್ರವಾಗಿ ಕಟ್ಟುತ್ತಾರೆ ಎಂದು ಆ ಕಂಪನಿಗಿದ್ದ ಹೆಸರು ಸುಳ್ಳಲ್ಲ. ಅತ್ತೆ ಒಮ್ಮೆ ಶಾಲೆಯ ಕಸದ ಡಬ್ಬಿಗೆ ಗುದ್ದಿದಾಗ ಡಬ್ಬಿ ನೆಗ್ಗಿತು, ಕಾರಿಗೆ ಏನೂ ಆಗಲಿಲ್ಲ.

ಮೊದಲ ಡ್ರೈವಿಂಗ್ ಪರೀಕ್ಷೆಯಲ್ಲಿ ಅವರು ನಪಾಸಾದರು. ಕಾರಣ ಕೇಳಿದರೆ ಯಾರಿಗಾದರೂ ನಗು ಬರಬೇಕು. ಇಲ್ಲಿ ಸಿಗ್ನಲ್ ಇಲ್ಲದೆ ನಾಲ್ಕು ರಸ್ತೆ ಕೂಡುವ ಕಡೆ ಯಾರು ಮೊದಲು ಬಂದು ನಿಂತರೋ ಅವರು ಮೊದಲು ಹೋಗಬೇಕು. ಅತ್ತೆ ಮೊದಲು ಬಂದು ನಿಂತರು. ಎಡಗಡೆಯವನಿಗೆ ಹೋಗು ಎಂದು ಕೈ ಮಾಡಿದರು. ಆಮೇಲೆ ಎದುರಿನವನಿಗೆ. ಆಮೇಲೆ ಬಲಗಡೆ ನಿಂತಿದ್ದ ಮಕ್ಕಳ ತಾಯಿಗೆ. ಹಿಂದಿನಿಂದ ಬಂದವರಿಗೂ ದಾರಿ ಬಿಡಲು ನೋಡಿದರಂತೆ. ಪರೀಕ್ಷೆ ಮಾಡುವ ಹೆಂಗಸು ಪಕ್ಕದಲ್ಲಿ ಕೂತು, ಮುಂದೆ ಹೋಗಿ ಎಂದು ಮತ್ತೆ ಮತ್ತೆ ಹೇಳಬೇಕಾಯಿತು.

"ಅವರಿಗೆ ಅವಸರ ಇತ್ತವಾ. ಆಕಿ ಕಾರಿನಾಗ ಕೂಸು ಅಳ್ತಿತ್ತು. ನನಗೇನ್ ಅವಸರ ಇತ್ತು?" ಎಂದರು ಕಾರಿನಿಂದಿಳಿದು.

"ಇಲ್ಲಿ ನಿಮ್ಮ ಸರದಿ ಬಂದಾಗ ನೀವೇ ಹೋಗ್ಬೇಕು ಅತ್ತೆ."

ಮನೆಗೆ ಬಂದವರೇ ತಮ್ಮ ಕೋಣೆ ಸೇರಿದರು. ಬೇರೆಯವರ ಪರೀಕ್ಷೆ ಮಾಡಿ ಅಭ್ಯಾಸವಿದ್ದವರಿಗೆ ತಾವೇ ನಪಾಸಾಗುವುದು ಗೊತ್ತಿರಲಿಲ್ಲ. ಸಂಜೆ ಮಗಳು ಅವರ ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಪಕ್ಕದಲ್ಲಿ ಕೂತಳು. ತನಗೆ ಗೊತ್ತಿದ್ದಷ್ಟು ಕನ್ನಡವನ್ನು ಒಟ್ಟುಮಾಡಿ, "ಅಜ್ಜಿ, ನಾನೂ ಫೇಲ್ ಆದೆ. ಆಮೇಲೆ ಪಾಸ್ ಆದೆ. ನೀನೂ ಆಗ್ತೀಯ," ಎಂದಳು. ಬಾಗಿಲಾಚೆ ಬಟ್ಟೆ ಮಡಚುತ್ತಿದ್ದ ನನ್ನ ಕೈ ನಿಂತಿತು. ಅವಳು ಅಷ್ಟು ಉದ್ದದ ಕನ್ನಡವನ್ನು ಒಟ್ಟಿಗೆ ಆಡಿದ್ದನ್ನು ಕೇಳಿ ಬಹಳ ದಿನವಾಗಿತ್ತು. ಅತ್ತೆ, "ಪ್ರಶ್ನೆ ಪೂರ್ತಿ ಓದಲಿಲ್ಲ ನಾ," ಎಂದರು. ಇಬ್ಬರೂ ನಕ್ಕರು.

ಎರಡನೆಯ ಸಲ ಪಾಸಾದರು. ಲೈಸೆನ್ಸಿನ ಫೋಟೋದಲ್ಲಿ, ಮಾವ ಹೋದ ಮೇಲೂ ಬಿಡದೆ ಇಟ್ಟುಕೊಳ್ಳುತ್ತಿದ್ದ ಹಣೆಯ ಕುಂಕುಮ ಸರಿಯಾಗಿ ಬಂದಿದೆಯೇ ಎಂದು ಕನ್ನಡಕ ತೆಗೆದು ನೋಡಿದರು. ಆಮೇಲೆ ಹುಬ್ಬಳ್ಳಿಯ ತಂಗಿಗೆ, ಧಾರವಾಡದ ನಾದಿನಿಗೆ, ತಮ್ಮ ಜೊತೆ ಕೆಲಸ ಮಾಡಿದ್ದ ಗಣಿತದ ಟೀಚರಿಗೆ ವಿಡಿಯೋ ಕಾಲ್ ಮಾಡಿ ಲೈಸೆನ್ಸು ತೋರಿಸಿದರು. ಕತೆಯಲ್ಲಿ ಜ್ವರ ಇರಲಿಲ್ಲ ಎಂಬ ತಿದ್ದುಪಡಿಯನ್ನೂ ಗಣಿತದ ಟೀಚರಿಗೆ ತಿಳಿಸಿದರು. "ಹಳೇ ಹುಡುಗ್ಯಾರು ಯಾರರ ಸಿಕ್ರ ಹೇಳ್ರಿ," ಎಂದರು.

ಮೊದಲ ದೊಡ್ಡ ಪ್ರಯಾಣಕ್ಕೆ ಅವರು ಆರಿಸಿಕೊಂಡದ್ದು ಸರಟೋಗಾವನ್ನು. ಹಿಂದಿನ ವಾರದಿಂದಲೇ, ಅಲ್ಲಿಯ ಒಡತಿಯೊಬ್ಬರನ್ನು ಬಿಟ್ಟು, ಎಲ್ಲರಿಗೂ ಹೇಳಿಟ್ಟಿದ್ದರು. ಫ್ರೀವೇ ಹತ್ತದೆ ಒಳರಸ್ತೆಗಳಲ್ಲೇ ಹೋಗುವುದೆಂದು ತೀರ್ಮಾನವಾಯಿತು. ನಾನೂ ಮಗಳೂ ಹಿಂದೆ ಕೂತೆವು. ನನ್ನ ಗಂಡ ಬಾಗಿಲಲ್ಲಿ ನಿಂತು ಟಾಟಾ ಮಾಡಿದ. ಪಕ್ಕದ ಸೀಟು ಖಾಲಿ ಬಿಟ್ಟಿದ್ದೆವು.

ಆ ಮನೆಯ ಮುಂದೆ ಕಾರು ನಿಂತಾಗ ಆ ಹಿರಿಯ ಹೆಂಗಸು ಎಂಜಿನ್ನಿನ ಸದ್ದು ಗುರುತು ಹಿಡಿದು ಆಗಲೇ ಹೊರಗೆ ಬಂದಿದ್ದರು. ದೃಷ್ಟಿ ಮೊದಲಿಗಿಂತ ಮಂದವಾಗಿತ್ತು. ಡ್ರೈವರ್ ಸೀಟಿನಲ್ಲಿ ಯಾರಿದ್ದಾರೆಂದು ಹತ್ತಿರ ಬರುವವರೆಗೂ ತಿಳಿಯಲಿಲ್ಲ. ತಿಳಿದಾಗ ಬಾಗಿಲ ಮೇಲೆ ಕೈ ಇಟ್ಟು ನಿಂತುಬಿಟ್ಟರು.

"ಬನ್ನಿ, ಕೂತ್ಕೊಳ್ಳಿ. ಎಲ್ಲಿಗೆ ಹೋಗಬೇಕು?" ಎಂದು ಅತ್ತೆ ಇಂಗ್ಲಿಷಿನಲ್ಲಿ ಕೇಳಿದರು.

ಆಕೆ ಬಹಳ ಯೋಚಿಸಲಿಲ್ಲ. ಕಾರು ಓಡಿಸುವುದನ್ನು ನಿಲ್ಲಿಸಿದಾಗಿನಿಂದ ಗುಡ್ಡದ ಮೇಲಿನ ರಸ್ತೆಗೆ ಹೋಗಿಲ್ಲ ಎಂದರು. ಅತ್ತೆ ನನ್ನನ್ನು ಕನ್ನಡಿಯಲ್ಲಿ ನೋಡಿದರು. ತಿರುವುಗಳ ರಸ್ತೆ ಅದು. ನಿಧಾನವಾಗಿ ಹೋದರೆ ಆಗುತ್ತದೆ ಎಂದೆ.

ನಿಧಾನವಾಗಿಯೇ ಹೋದೆವು. ಹಿಂದೆ ಕಾರುಗಳು ಸಾಲುಗಟ್ಟಿದಾಗ ಅತ್ತೆ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಟ್ಟರು. ಈ ರಸ್ತೆಯಲ್ಲಿ ಹಾಗೆ ಬಿಡುವುದು ನಿಯಮವೇ ಆಗಿದ್ದರಿಂದ ನಾನು ಏನೂ ಹೇಳಬೇಕಾಗಲಿಲ್ಲ. ಪಕ್ಕದಲ್ಲಿ ಕೂತವರು ಕಿಟಕಿ ಇಳಿಸಿ ಮರಗಳ ವಾಸನೆಯನ್ನು ಎಳೆದುಕೊಳ್ಳುತ್ತ, ಮುಂದಿನ ತಿರುವು ಎಡಕ್ಕೆ, ಅದರಾಚೆಯದು ಬಲಕ್ಕೆ, ಗೇರು ಇಳಿಸಿದರೆ ಅದೇ ಹತ್ತುತ್ತದೆ ಎಂದು ಕಾಣದ ಕಣ್ಣಿನಲ್ಲೇ ಹೇಳುತ್ತ ಹೋದರು. ಅಲ್ಲಲ್ಲಿ ಗಂಡನ ಜೊತೆ ನಿಂತದ್ದು, ಒಮ್ಮೆ ಇಬ್ಬರೂ ಜಗಳವಾಡಿ ಕಾರಿನಿಂದ ಇಳಿದು ನಡೆದದ್ದು, ಎಲ್ಲ ಹೇಳಿದರು. ಮೇಲೆ ಬಯಲು ಕಾಣುವ ಒಂದು ಕಡೆ ನಿಂತೆವು. ನಾನು ತಂದಿದ್ದ ಚುರುಮುರಿ ಎಲ್ಲರೂ ತಿಂದೆವು. ಆಕೆಗೆ ಹಸಿಮೆಣಸಿನಕಾಯಿ ಖಾರವಾಯಿತು. ಆದರೂ ಎರಡನೆಯ ಸಲ ಹಾಕಿಸಿಕೊಂಡರು.

ಅತ್ತೆ ಆಕೆಗೆ ಕೆಳಗಿನ ಕಣಿವೆಯನ್ನು ವಿವರಿಸಿ ಹೇಳುತ್ತಿದ್ದರು. ಎಲ್ಲಿ ಬಿಸಿಲು ಬಿದ್ದಿದೆ, ಎಲ್ಲಿ ಮಂಜಿದೆ, ಯಾವ ಕಡೆ ನೀರು ಹೊಳೆಯುತ್ತಿದೆ ಎಂದು ಒಂದೊಂದನ್ನೇ. ಪಾಠ ಹೇಳುವ ಅದೇ ದನಿ. ಕೇಳುವವರು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸುತ್ತಿದ್ದರು.

ಅಂದಿನಿಂದ ಶನಿವಾರ ಬೆಳಗಿನ ಹೊತ್ತು ಅವರಿಬ್ಬರದು. ಅತ್ತೆ ಹೋಗಿ ಆಕೆಯನ್ನು ಕರೆದುಕೊಳ್ಳುತ್ತಾರೆ. ಕೆಲವು ಸಲ ಗ್ರೋಸರಿ, ಕೆಲವು ಸಲ ಕಣ್ಣಿನ ಡಾಕ್ಟರು. ಹೆಚ್ಚಿನ ಸಲ ಯಾವ ಕೆಲಸವೂ ಇಲ್ಲ. ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿರುವ ಮಂಡ್ಯದ ಕಡೆಯ ಒಬ್ಬ ಹಿರಿಯರು ಈಚೆಗೆ, "ನಮ್ಮನ್ನೂ ಒಂದಪ ಕೂರಿಸ್ಕೊಂಡೋಗಿ ಕಣವ್ವ," ಎಂದು ಅರ್ಜಿ ಹಾಕಿದ್ದಾರೆ. ಹಿಂದಿನ ಸೀಟು ಅವರಿಗೆ ಮಂಜೂರಾಗಿದೆ. ಮೂವರಿಗೂ ಸೇರಿ ಒಂದು ಭಾಷೆಯಿಲ್ಲ, ಆದರೂ ಬಂದಮೇಲೆ ಮೂವರೂ ದಣಿಯುವಷ್ಟು ಮಾತಾಡಿದವರ ಹಾಗೆ ಕಾಣುತ್ತಾರೆ.

ನನ್ನ ಗಂಡನಿಗೆ ಮಾತ್ರ ಸ್ವಲ್ಪ ಬೇಸರ. ಆಸೆಪಟ್ಟು ತಂದ ಕಾರು ಅವನ ಕೈಗೆ ಸಿಗುವುದೇ ಅಪರೂಪ. ಶನಿವಾರ ತಾಯಿಗೆ ಬೇಕು, ಭಾನುವಾರಕ್ಕೂ ಶಾಲೆಯ ದಿನಗಳಿಗೂ ಈಗ ಲೈಸೆನ್ಸು ಸಿಕ್ಕಿರುವ ಮಗಳಿಗೆ. ಅವನು ಆಫೀಸಿಗೆ ನನ್ನ ಜಪಾನಿನ ಕಾರಿನಲ್ಲಿ ಹೋಗುತ್ತಾನೆ. ಹಾಸನದ ಗೆಳೆಯ ಮೊನ್ನೆ ಮನೆಗೆ ಬಂದಾಗ, ಕಾರು ಹೇಗಿದೆ ಎಂದು ಕೇಳಿದ. "ಚಲೋ ಐತಿ ಅಂತ ಕೇಳೇನಿ," ಎಂದ ನನ್ನ ಗಂಡ.

ನನಗೆ ಶನಿವಾರದ ಬೆಳಗು ಪೂರ್ತಿಯಾಗಿ ಸಿಕ್ಕಿದೆ. ಯಾರನ್ನೂ ಎಲ್ಲಿಗೂ ಬಿಡಬೇಕಾಗಿಲ್ಲ, ಎಲ್ಲಿಂದಲೂ ಕರೆತರಬೇಕಾಗಿಲ್ಲ. ಇದನ್ನು ಬರೆಯುತ್ತಿರುವುದೂ ಅಂಥ ಒಂದು ಬೆಳಗಿನಲ್ಲಿ. ಅಡುಗೆಮನೆಯ ಕಿಟಕಿಯ ಹತ್ತಿರ ಬಿಸಿಲಿದೆ, ಎರಡನೆಯ ಲೋಟ ಕಾಫಿ ಮಾಡಿಕೊಂಡಿದ್ದೇನೆ. ಮಗಳು ಇನ್ನೂ ಎದ್ದಿಲ್ಲ. ಎದ್ದಮೇಲೆ ಅವಳಿಗೂ ನನಗೂ ದೋಸೆ ಹುಯ್ಯಬೇಕು.